ಯಾವತ್ತು ಶುರುವಾಯ್ತು

"ಯಾವತ್ತು ಶುರುವಾಯ್ತು, ಸರಿಯಾಗಿ ನೆನಪು ಮಾಡ್ಕೊಂಡು ಹೇಳಿ ಯಜಮಾನ್ರೇ," ಎಂದು ಡಾಕ್ಟರ್ ಅಲ್ಮಾಸ್ ಮೂರನೇ ಸಲ ಕೇಳಿದಳು.

"ಇವತ್ತು ಬೆಳಗ್ಗೆ ಕಣವ್ವ. ರೊಟ್ಟಿ ಬಾಯಿಗಿಟ್ಟೆ, ಎದೆ ಡವಡವ ಅಂತು. ಅಷ್ಟೇಯ." ಚಿಕ್ಕಬಸಪ್ಪನದು ಮೂರನೇ ಸಲವೂ ಅದೇ ಉತ್ತರ.

ಹುಣಸೂರಿನ ಆಸ್ಪತ್ರೆಯ ತುರ್ತು ವಿಭಾಗದಲ್ಲಿ, ಅವನ ತಲೆದೆಸೆಯ ಪರದೆಯ ಮೇಲೆ ನೂರೈವತ್ತು, ನೂರಿಪ್ಪತ್ತು, ನೂರರವತ್ತು ಎಂದು ಎದೆಬಡಿತದ ಅಂಕಿಗಳು ಕುಣಿಯುತ್ತಿದ್ದವು. ಅದನ್ನು ನೋಡಿ ನೋಡಿ, ಪಕ್ಕದಲ್ಲಿ ನಿಂತಿದ್ದ ಅವನ ಹೆಂಡತಿ ನೀಲಾಂಬಿಕೆಗೆ ತಲೆ ಸುತ್ತು ಬರುವಂತಾಯಿತು.

"ನೋಡಿಯಮ್ಮ," ಅಲ್ಮಾಸ್ ಅವಳ ಕಡೆ ತಿರುಗಿದಳು, "ಹೃದಯದ ಮೇಲ್ಭಾಗ ತಾಳ ತಪ್ಪಿ ಅದುರ್ತಿದೆ. ಶುರುವಾಗಿ ಎರಡು ದಿನ ಆಗಿಲ್ಲ ಅಂದ್ರೆ ನಿದ್ದೆ ಇಂಜೆಕ್ಷನ್ ಕೊಟ್ಟು, ಒಂದು ಶಾಕ್ ಕೊಡ್ತೀವಿ. ಸರಿಹೋಗುತ್ತೆ. ಹಳೇದಾಗಿದ್ರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಆಗ ಶಾಕ್ ಕೊಟ್ರೆ ಆ ಹೆಪ್ಪು ಮಿದುಳಿಗೆ ಹೋಗಿ ಲಕ್ವ ಹೊಡೆದುಬಿಡಬಹುದು. ಮೈಸೂರಿಗೆ ಕಳಿಸಿ ಮೊದಲು ಸ್ಕ್ಯಾನ್ ಮಾಡಿಸಬೇಕಾಗುತ್ತೆ."

"ಬೆಳಗ್ಗೆನೇ ಕಣವ್ವ," ಎಂದ ಚಿಕ್ಕಬಸಪ್ಪ. ಮೈಸೂರು ಎಂಬ ಮಾತು ಕೇಳಿದ ಮೇಲೆ ಅವನ ದನಿ ಇನ್ನಷ್ಟು ಗಟ್ಟಿಯಾಗಿತ್ತು.

ಗಟ್ಟಿಯಾಗದೆ ಏನು? ಬೆಟ್ಟದಪುರದ ಪಕ್ಕದ ಅವನ ಊರಿನಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಸೋಮವಾರದಿಂದ ಉರಿಯುತ್ತಿತ್ತು. ಎಲೆ ಹಳದಿಗೆ ತಿರುಗಿತ್ತು. ಇನ್ನು ಗಂಟೆಗಂಟೆಗೂ ಕಾವು ನೋಡಬೇಕು, ಅದೂ ತಾನೇ ನೋಡಬೇಕು. ಆಳು ಶಂಕರ್ ಹತ್ತು ವರ್ಷದಿಂದ ಜೊತೆಗಿದ್ದರೂ ಅವನ ಕಣ್ಣಿನ ಮೇಲೆ ಇವನಿಗೆ ನಂಬಿಕೆಯಿಲ್ಲ. ಚಿಕ್ಕಬಸಪ್ಪ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿಯ ಮನುಷ್ಯ.

"ನೀವು ಹೇಳಿಯಮ್ಮ. ಬೆಳಗ್ಗೆನೇನಾ?"

ನೀಲಾಂಬಿಕೆ ಗಂಡನ ಮುಖ ನೋಡಿದಳು. ಏನೆಂದು ಹೇಳುವುದು? ಹಸಿ ಸೊಪ್ಪು ಕಡ್ಡಿಗೆ ಕಟ್ಟುವ ದಿನ ಯಾರ ಎದೆ ತಾನೆ ಹೊಡೆದುಕೊಳ್ಳುವುದಿಲ್ಲ? ಇಬ್ಬನಿಯಲ್ಲಿ ನೆನೆದ ಎಲೆಯ ಅಂಟು ಕೈಗೆ ಹತ್ತಿದರೆ ವಾಂತಿ, ತಲೆಸುತ್ತು, ಡವಡವ. ಅದಕ್ಕೆ ಊರವರೆಲ್ಲ ಸೊಪ್ಪಿನ ಅಮಲು ಅನ್ನುತ್ತಾರೆ, ನಿಂಬೆಹಣ್ಣಿನ ಪಾನಕ ಕುಡಿದು ಮಲಗುತ್ತಾರೆ. ಇವತ್ತು ಗುರುವಾರ. ಸೋಮವಾರ ಇವನೂ ಎದೆ ಹಿಡಿದುಕೊಂಡು ಕೂತಿದ್ದ. ಪಾನಕ ಕೊಟ್ಟಿದ್ದಳು, ಕುಡಿದಿದ್ದ. ಮಂಗಳವಾರ ಸರಿಯಾಗಿದ್ದನೋ? ಸರಿಯಾಗಿದ್ದ ಹಾಗಿತ್ತು. ಬುಧವಾರ ನೀರು ಸೇದುವಾಗ ನಿಂತು ನಿಂತು ಉಸಿರು ಬಿಟ್ಟಿದ್ದ. ಅದು ಬುಧವಾರವೋ, ಮಂಗಳವಾರವೋ? ಅಮಲು ಎಲ್ಲಿ ಮುಗಿಯಿತು, ಇದು ಎಲ್ಲಿ ಶುರುವಾಯಿತು?

"ಅವ್ರು ಏಳ್ದಂಗೇಯ," ಎಂದುಬಿಟ್ಟಳು.

ಕೆಲಸ ಚಕಚಕ ಸಾಗಿತು. ಚಿಕ್ಕಬಸಪ್ಪ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ತಾನೇ ತೋಳಿಗೆ ಕಟ್ಟಿಕೊಂಡ. ನರ್ಸ್ ಉಷಾರಾಣಿ ಎದೆಗೊಂದು ಬೆನ್ನಿಗೊಂದು ಅಂಟುಪಟ್ಟಿ ಹಚ್ಚಿ, ವೈರು ಸಿಕ್ಕಿಸಿ, ಇಂಜೆಕ್ಷನ್ ಎಳೆದುಕೊಂಡಳು.

"ಸಂಜೆಗೆ ಮನೆ ಸೇರ್ಕೋಬೋದು ಬುಡು," ಎಂದು ಚಿಕ್ಕಬಸಪ್ಪ ಹೆಂಡತಿಯನ್ನು ನೋಡಿ ನಕ್ಕ.

ಆ ನಗು ನೋಡಿಯೇ ಅವಳಿಗೆ ಭಯವಾದದ್ದು. ಸೋಮವಾರವೂ ಹೀಗೆಯೇ ನಕ್ಕಿದ್ದ, ಬ್ಯಾರನ್ ಒಳಗಿನ ಎತ್ತರದ ಅಡ್ಡಮರಗಳಿಗೆ ಸೊಪ್ಪಿನ ಕಡ್ಡಿ ತೂಗುಹಾಕಲು ಶಂಕರನನ್ನು ಹತ್ತಿಸಿ. ಮೂವತ್ತು ವರ್ಷದಲ್ಲಿ ಒಂದು ದಿನವೂ ಆ ಕೆಲಸವನ್ನು ಬೇರೆಯವರಿಗೆ ಬಿಟ್ಟವನಲ್ಲ.

"ತಡೀರಿ ಡಾಕ್ಟ್ರವ್ವ!"

ಉಷಾರಾಣಿಯ ಕೈ ಅಲ್ಲೇ ನಿಂತಿತು.

"ಸೋಮವಾರ ಇವ್ರು ಬ್ಯಾರನ್ ಅತ್ಲಿಲ್ಲ. ಸೊಪ್ಪಿನ ಅಮಲೋ, ಇದೇ ಕಾಯ್ಲೆನೋ, ನಂಗೆ ಗೊತ್ತಿಲ್ಲ ಕಣವ್ವ. ದೇವ್ರಾಣೆ ಗೊತ್ತಿಲ್ಲ."

"ಸುಮ್ಕಿರೇ! ನಿಂಗೇನ್ ಗೊತ್ತು!" ಚಿಕ್ಕಬಸಪ್ಪ ಎದ್ದು ಕೂರಲು ಹೋದ.

"ಅದನ್ನೇ ಏಳ್ತಾ ಇರೋದು, ಗೊತ್ತಿಲ್ಲ ಅಂತ!" ಅವಳು ಅಳುತ್ತಲೇ ಕೂಗಿದಳು.

ಅಲ್ಮಾಸ್ ಇಂಜೆಕ್ಷನ್ನನ್ನು ತಟ್ಟೆಗೆ ಹಾಕಿಸಿದಳು. "ಗೊತ್ತಿಲ್ಲ ಅಂದ್ರೂ ಸಾಕಮ್ಮ. ಗೊತ್ತಿಲ್ಲ ಅಂದ್ರೆ ನಮ್ಮ ಲೆಕ್ಕದಲ್ಲಿ ಎರಡು ದಿನ ದಾಟಿದೆ ಅಂತಲೇ. ಬಿಪಿ ಚೆನ್ನಾಗಿದೆ, ಅವಸರ ಇಲ್ಲ. ಬಡಿತ ನಿಧಾನ ಮಾಡೋಕೆ, ರಕ್ತ ಹೆಪ್ಪುಗಟ್ಟದ ಹಾಗೆ ನೋಡ್ಕೊಳ್ಳೋಕೆ ಔಷಧಿ ಕೊಟ್ಟು ಮೈಸೂರಿಗೆ ಕಳಿಸ್ತೀನಿ."

ಅಂಟುಪಟ್ಟಿ ಕಿತ್ತಾಗ ಎದೆಯ ಕೂದಲೂ ಕಿತ್ತುಬಂದವು. ಚಿಕ್ಕಬಸಪ್ಪ ಅಯ್ಯೋ ಎನ್ನಲಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿದ. ಆಂಬ್ಯುಲೆನ್ಸ್ ಬರಲು ಇನ್ನೂ ಅರ್ಧ ಗಂಟೆಯಿತ್ತು. ನೀಲಾಂಬಿಕೆ ಹೊರಗೆ ಹೋಗಿ, ಬ್ಯಾರನ್ ನೋಡಿಕೋ ಎಂದು ಶಂಕರನಿಗೆ ಫೋನ್ ಮಾಡಿ ಬಂದಳು. ತಾನು ಮಾಡಿದ್ದು ಒಳ್ಳೆಯದೋ ಕೆಟ್ಟದ್ದೋ ಅವಳಿಗೆ ಈಗಲೂ ತಿಳಿಯಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಗೋಡೆ ಕಡೆಯಿಂದಲೇ ಮಾತು ಬಂತು. "ಸೋಮವಾರ ನಾನು ಅತ್ದೇ ಇದ್ದುದ್ದ ನೋಡುದ್ಯಲ್ಲ. ಯಾಕೆ ಅಂತ ಅವತ್ತೇ ಯಾಕ್ ಕೇಳ್ಲಿಲ್ಲ?"

"ವಯಸ್ಸಾಯ್ತು, ಅತ್ಬೇಡಿ ಅಂತ ನಾಲ್ಕು ವರ್ಸದಿಂದ ಬಡ್ಕೊಂತಿದ್ನಲ್ಲ. ಕೊನೆಗೂ ನನ್ ಮಾತ್ ಕೇಳುದ್ರಿ ಅನ್ಕೊಂಡೆ."

ಪರದೆಯ ಅಂಕಿಗಳು ಕುಣಿಯುತ್ತಲೇ ಇದ್ದವು.

"ಅವತ್ತು ಅಬ್ಬ ಇಲ್ಲ, ಏನಿಲ್ಲ. ನೀನು ಪಾಯ್ಸ ಮಾಡಿದ್ದು ಅದ್ಕೇನಾ?" ಎಂದ.

"ಊಂ."

ಚಿಕ್ಕಬಸಪ್ಪ ಇತ್ತ ತಿರುಗಿದ. ಅವಳ ಮುಖ ನೋಡಲಿಲ್ಲ. ಕಾಲು ಮಡಿಸಿಕೊಂಡು, ಬೆಳಗಿನಿಂದ ನಿಂತೇ ಇದ್ದವಳಿಗೆ ಮಂಚದ ತುದಿಯಲ್ಲಿ ಜಾಗ ಮಾಡಿದ.