ಕೋಳಿಯಕ್ಕನ ಮನೆಗೆ ಜನರೇಟರ್ ಬಂದದ್ದು

ಗಾಳಿ ಸ್ವಲ್ಪ ಜೋರಾಗಿ ಬೀಸಿದರೆ ಸಾಕು, ನಮ್ಮ ಬೀದಿಯಲ್ಲಿ ಕರೆಂಟ್ ಮಾಯ. ಹೋಗೋಕೆ ಅದಕ್ಕೊಂದು ನೆಪ ಸಾಕು. ಬರೋಕೆ ಮಾತ್ರ ಹೊಸ ಅಳಿಯನ ಹಾಗೆ ನೂರು ಸಲ ಕರೀಬೇಕು. ಟಿವಿ ನೋಡೋರಿಗೆ ಬೇಜಾರಾಗ್ತಿತ್ತು, ಅಷ್ಟೆ. ಕೋಳಿಯಕ್ಕನಿಗೆ ಮಾತ್ರ ಜೀವ ಬಾಯಿಗೆ ಬರ್ತಿತ್ತು.

ಕೋಳಿಯಕ್ಕ ಅಂದರೆ ಬೀದಿಯ ಕೊನೆ ಮನೆಯವಳು. ಮೊಟ್ಟೆಯಿಂದ ಮರಿ ಮಾಡಿ ಮಾರೋದು ಅವಳ ಕೆಲಸ. ಮುಂದಿನ ಕೋಣೆಯಲ್ಲಿ ಕಪಾಟಿನಷ್ಟು ದೊಡ್ಡ ಇನ್‌ಕ್ಯುಬೇಟರ್ ಇದೆ. ಮನೆಯವರು ಅದನ್ನು ಕಾವುಪೆಟ್ಟಿಗೆ ಅಂತಾರೆ. ತಾಯಿಕೋಳಿ ಕೊಡೋ ಕಾವನ್ನು ಅದು ಕರೆಂಟಿನಿಂದ ಕೊಡುತ್ತೆ. ಮೂರು ವಾರ ಕಾವು ತಪ್ಪದೆ ಇದ್ದರೆ ಮರಿ ಚಿಪ್ಪು ಒಡೆದು ಬರುತ್ತೆ. ಮೊಟ್ಟೆಯನ್ನು ಟಾರ್ಚ್ ಬೆಳಕಿಗೆ ಹಿಡಿದು, ಒಳಗೆ ಜೀವ ಇದೆಯೋ ಇಲ್ಲವೋ ಹೇಳೋದು ಅವಳ ಅತ್ತೆಯ ಪಾಲಿನ ಕೆಲಸ. ಆ ವಿದ್ಯೆಯಲ್ಲಿ ಅವರದು ಎತ್ತಿದ ಕೈ.

ಒಂದು ಸಲ ಬಿರುಗಾಳಿಗೆ ಮರ ಬಿದ್ದು ಕಂಬಗಳೇ ಉರುಳಿದವು. ಅತ್ತೆ ಸೊಸೆ ಇಬ್ಬರೂ ಕಾವುಪೆಟ್ಟಿಗೆಗೆ ಕಂಬಳಿ ಸುತ್ತಿದರು. ಬಿಸಿನೀರಿನ ಬಾಟಲಿಗಳನ್ನು ಒಳಗಿಟ್ಟರು. ಆರಿದ ಹಾಗೆಲ್ಲ ಬದಲಾಯಿಸಿದರು. ಕರೆಂಟ್ ಬಂದದ್ದು ಮರುದಿನ ಸಂಜೆಗೆ. ಅತ್ತೆ ಒಂದೊಂದೇ ಮೊಟ್ಟೆ ಬೆಳಕಿಗೆ ಹಿಡಿದರು. ಇಟ್ಟರು. ಮತ್ತೊಂದು ಹಿಡಿದರು. ಇಟ್ಟರು.

"ಹೇಳಿ ಅತ್ತೆ," ಅಂದಳು ಕೋಳಿಯಕ್ಕ.

"ಏನು ಹೇಳಲಿ? ಒಂದೂ ಅಲುಗಾಡ್ತಾ ಇಲ್ಲ ಮಗಾ."

ಕೋಳಿಯಕ್ಕ ಅಳಲಿಲ್ಲ. ಹಿತ್ತಲಲ್ಲಿ ಗುಂಡಿ ತೋಡಿ ಎಲ್ಲವನ್ನೂ ಮುಚ್ಚಿ ಬಂದಳು.

ಅವಳ ಗಂಡ ಬಸ್ ಡ್ರೈವರ್. ಹೆಂಡತಿಯ ಮುಖ ನೋಡಲಾರದೆ ಗೆಳೆಯನ ಹತ್ತಿರ ಹೋಗಿ, ಅವನ ಗ್ಯಾರೇಜಿನಲ್ಲಿ ಧೂಳು ತಿನ್ನುತ್ತಿದ್ದ ಹಳೇ ಪೆಟ್ರೋಲ್ ಜನರೇಟರ್ ಕೇಳಿ ತಂದ. "ಇನ್ಮೇಲೆ ಕರೆಂಟ್ ಹೋದರೆ ಹೋಗ್ಲಿ ಬಿಡೇ. ನಮ್ಮನೇಲೇ ಇದೆ ಕರೆಂಟು," ಅಂದ. ಕೋಳಿಯಕ್ಕ ಮತ್ತೆ ಮೊಟ್ಟೆ ಜೋಡಿಸಿದಳು.

ಕರೆಂಟ್ ಹೋಯಿತು. ಮಧ್ಯಾಹ್ನದ ಹೊತ್ತು, ಹೊರಗೆ ಜಿಟಿಜಿಟಿ ಮಳೆ. ಡ್ರೈವರ್ ಜನರೇಟರ್ ಶುರುಮಾಡೋ ಹಗ್ಗ ಎಳೆದ, ಎಳೆದ, ಭುಜ ಬಿದ್ದುಹೋಗುವ ಹಾಗೆ ಎಳೆದ. ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟೋ ತಿಂಗಳಿಂದ ಇದ್ದು ಕೆಟ್ಟುಹೋಗಿತ್ತು. ಅದನ್ನು ಬಸಿದು ಹೊಸದು ಹಾಕಿದ ಮೇಲೆ ಯಂತ್ರ ಕೆಮ್ಮುತ್ತಾ ಶುರುವಾಯಿತು. ಮಳೆಯಲ್ಲಿ ನೆನೆಯಬಾರದು ಅಂತ ಅದನ್ನು ಹಿಂದಿನ ವರಾಂಡಕ್ಕೆ ಎಳೆದ. ಮೂರು ಕಡೆ ಗೋಡೆ, ಒಂದು ಕಡೆ ಬಯಲು.

"ಇಲ್ಲಿ ಬೇಡ ಕಣ್ರೀ, ಹೊಗೆ ಒಳಗೆ ಬರಲ್ವಾ?"

"ಒಂದು ಕಡೆ ಪೂರ್ತಿ ತೆರೆದಿದೆಯಲ್ಲೇ, ಗಾಳಿ ಆಡುತ್ತೆ," ಅಂದು ಡ್ಯೂಟಿಗೆ ಹೊರಟ.

ವರಾಂಡದ ಪಕ್ಕದ ಕೋಣೆಯಲ್ಲಿ ಅತ್ತೆ ಊಟ ಮುಗಿಸಿ ಮಲಗಿದ್ದರು. ಕೋಳಿಯಕ್ಕ ಮುಂದಿನ ಕೋಣೆಯಲ್ಲಿದ್ದಳು. ಸ್ವಲ್ಪ ಹೊತ್ತಿಗೆ ಅವಳಿಗೆ ತಲೆ ಸಿಡಿಯತೊಡಗಿತು. ಹೊಟ್ಟೆ ತೊಳಸಿತು. ಊಟ ತಡವಾಯಿತಲ್ಲ, ಅದಕ್ಕೇ ಇರಬೇಕು ಅಂದುಕೊಂಡಳು.

ಆವತ್ತು ಅವಳ ನಾದಿನಿ ಬಂದದ್ದೇ ಪುಣ್ಯ. ನಾದಿನಿ ಆಸ್ಪತ್ರೆಯೊಂದರಲ್ಲಿ ಎಲೆಕ್ಟ್ರಿಷಿಯನ್. ತಾಯಿಯನ್ನು ನೋಡಿಹೋಗೋಣ ಅಂತ ಬಂದವಳು ಬಾಗಿಲಲ್ಲೇ ನಿಂತಳು. ಹಿಂದಿನಿಂದ ಇಂಜಿನ್ ಸದ್ದು ಕೇಳುತ್ತಿತ್ತು. ಎದುರಿಗೆ ಅತ್ತಿಗೆ ಹಣೆ ಒತ್ತಿಕೊಂಡು ಗೋಡೆ ಹಿಡಿದಿದ್ದಳು.

"ಅತ್ತಿಗೆ, ಹೊರಗೆ ಬನ್ನಿ! ಅಮ್ಮ ಎಲ್ಲಿ?"

"ಮಲಗಿದಾರೆ... ಯಾಕೆ?"

ನಾದಿನಿ ಅತ್ತಿಗೆಯನ್ನು ಬೀದಿಗೆ ತಳ್ಳಿ, ಉಸಿರು ಬಿಗಿಹಿಡಿದು ಒಳಗೆ ಓಡಿ, ತಾಯಿಯ ಕಂಕುಳಿಗೆ ಕೈಹಾಕಿ ಎಳೆದುಕೊಂಡು ಬಂದಳು. ಕೂಗಿದರೆ ಅತ್ತೆ "ಊಂ" ಅಂತಿದ್ದರೇ ಹೊರತು ಕಣ್ಣು ಬಿಡಲಿಲ್ಲ. ಅಕ್ಕಪಕ್ಕದವರೆಲ್ಲ ಓಡಿ ಬಂದೆವು. ಯಾರೋ ಆಂಬ್ಯುಲೆನ್ಸ್‌ಗೆ ಫೋನ್ ಮಾಡಿದರು. ನಾದಿನಿ ಹೊರಗಿನಿಂದ ಸುತ್ತಿ ಹೋಗಿ ಯಂತ್ರ ಆರಿಸಿದಳು.

ಆಸ್ಪತ್ರೆಯಲ್ಲಿ ಅತ್ತೆಗೆ ಆಮ್ಲಜನಕ ಹಾಕಿದರು. ಬಸ್ ಬೇರೆಯವರ ಕೈಗೆ ಕೊಟ್ಟು ಓಡಿಬಂದ ಡ್ರೈವರ್ ಹೊರಗಿನ ಬೆಂಚಿನಲ್ಲಿ ತಲೆ ಬಗ್ಗಿಸಿ ಕೂತಿದ್ದ. ಸಂಜೆಯ ಹೊತ್ತಿಗೆ ಡಾಕ್ಟರ್ ಬಂದು, "ಒಳಗೆ ಹೋಗಿ ಮಾತಾಡಿಸಿ," ಅಂದರು. ಹೋದರೆ ಅತ್ತೆ ಮುಖದ ಮೇಲಿನ ಮಾಸ್ಕ್ ಸರಿಸಿ, "ನನ್ನ ಚಪ್ಪಲಿ ತಂದಿರೇನ್ರೋ? ಬರಿಗಾಲಲ್ಲಿ ಹೆಂಗೆ ಮನೆಗೆ ಬರೋದು?" ಅಂದರು. ಡ್ರೈವರ್‌ಗೆ ನಗುವೂ ಅಳುವೂ ಒಟ್ಟಿಗೇ ಬಂತು. ಕೋಳಿಯಕ್ಕನಿಗೆ ಆಗ ಮೊಟ್ಟೆಗಳ ನೆನಪೇ ಇರಲಿಲ್ಲ. ಅದೃಷ್ಟಕ್ಕೆ ಕರೆಂಟ್ ಬೇಗ ಬಂದು ಅವೂ ಉಳಿದಿದ್ದವು.

ಮನೆಗೆ ಬಂದ ಮೇಲೆ ಅತ್ತೆ ಹೇಳಿದ ಮೊದಲ ಮಾತು: "ಆ ಯಂತ್ರ ಇರಬೇಕು, ಇಲ್ಲಾ ನಾನಿರಬೇಕು."

ಡ್ರೈವರ್ ಅದನ್ನು ಆಗಲೇ ವಾಪಸ್ ಕೊಟ್ಟಿದ್ದ. ಆದರೆ ಕಾವುಪೆಟ್ಟಿಗೆ ನಡೀಬೇಕಲ್ಲ! ಒಂದು ರಜಾದಿನ ನಾದಿನಿಯನ್ನು ಕೂರಿಸಿಕೊಂಡು ಎಲ್ಲರೂ ಮಾತಿಗೆ ಕೂತರು.

"ಯುಪಿಎಸ್ ಹಾಕಿಸಿದರೆ ಆಗಲ್ವಾ?" ಅಂತ ಕೇಳಿದಳು ಕೋಳಿಯಕ್ಕ.

"ನಾಲ್ಕಾರು ಗಂಟೆ ಕರೆಂಟ್ ಹೋದರೆ ಅದೇ ಒಳ್ಳೇದು ಅತ್ತಿಗೆ. ಹೊಗೆ ಇಲ್ಲ, ಸದ್ದಿಲ್ಲ. ಆದರೆ ನಮ್ಮಲ್ಲಿ ಹೋದರೆ ದಿನಗಟ್ಟಲೆ ಹೋಗುತ್ತೆ. ಬ್ಯಾಟರಿ ಎಲ್ಲಿಂದ ತಡೆಯುತ್ತೆ? ಪ್ರೊಪೇನ್ ಗ್ಯಾಸಿನ ಸಣ್ಣ ಜನರೇಟರ್ ತಗೊಳ್ಳಿ. ಸಿಲಿಂಡರ್‌ನಲ್ಲಿರೋ ಗ್ಯಾಸು ಪೆಟ್ರೋಲ್ ಥರ ಕೂತು ಕೆಡಲ್ಲ. ಸುರಿಯೋ ಗೋಳಿಲ್ಲ."

ಅತ್ತೆ ಎದ್ದೇ ಬಿಟ್ಟರು. "ಸರಿಹೋಯ್ತು! ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗೆ. ಪೆಟ್ರೋಲೇ ಹಿಂಗೆ ಮಾಡಿತು, ಇನ್ನು ಗ್ಯಾಸು ಮನೇನೇ ಹಾರಿಸುತ್ತೆ."

"ಕೂತ್ಕೊಳಮ್ಮ. ನಿನಗೆ ತೊಂದರೆ ಆಗಿದ್ದು ಪೆಟ್ರೋಲಿನಿಂದಲ್ಲ, ಇಂಜಿನ್ ಹೊಗೆಯಿಂದ. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಅಂತ ವಿಷ ಇರುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಜ್ವರ ಬಂದವರ ಥರ ತಲೆನೋವು, ವಾಂತಿ, ತೂಕಡಿಕೆ. ನಿದ್ದೆ ಅಂದ್ಕೊಂಡು ಮಲಗಿದವರು ಏಳಲ್ಲ."

"ಹಾಗಾದ್ರೆ ಗ್ಯಾಸ್ ಜನರೇಟರ್‌ಗೆ ಆ ವಿಷ ಇಲ್ವಾ?" ಅಂದಳು ಕೋಳಿಯಕ್ಕ.

"ಇದೆ. ಅಂಗಡಿಯವರು 'ಇದು ಕ್ಲೀನ್' ಅಂತಾರೆ, ನಂಬಿಕೊಂಡು ಒಳಗಿಟ್ಟೀರಾ ಜೋಕೆ. ಯಾವ ಜನರೇಟರೂ ಮನೆಯೊಳಗೆ, ವರಾಂಡದಲ್ಲಿ, ಗ್ಯಾರೇಜಿನಲ್ಲಿ ಓಡಬಾರದು. ಬಾಗಿಲು ತೆರೆದಿಟ್ಟರೂ ಓಡಬಾರದು. ಕಿಟಕಿ ಬಾಗಿಲಿಂದ ಕನಿಷ್ಠ ಇಪ್ಪತ್ತು ಅಡಿ ದೂರ, ಬಯಲಲ್ಲಿ. ಹೊಗೆ ಕೊಳವೆ ಮನೆ ಕಡೆ ತಿರುಗಿರಬಾರದು, ಪಕ್ಕದ ಮನೆ ಕಡೆಯೂ ತಿರುಗಿರಬಾರದು."

ಅತ್ತೆ ಕೂತರು. "ಮಳೆ ಬಂದರೆ?"

"ನಾಲ್ಕೂ ಕಡೆ ಬಯಲಿರೋ ಹಾಗೆ ಮೇಲೆ ಮಾತ್ರ ಸೂರು. ಓಡುವಾಗ ಹಾಕೋಕೆ ಅಂತ ಕಂಪನಿಯವರೇ ಕೊಡೋ ಹೊದಿಕೆ ಇದ್ದರೆ ಇನ್ನೂ ಒಳ್ಳೇದು. ಮನೆಯೊಳಗೆ, ಮಲಗೋ ಕೋಣೆ ಹತ್ತಿರ, ಆ ವಿಷದ ಅಲಾರಂ ಹಾಕೋಣ. ಮೂಗಿಗೆ ಗೊತ್ತಾಗದ್ದು ಅದಕ್ಕೆ ಗೊತ್ತಾಗುತ್ತೆ."

ಎಲ್ಲರೂ ಅಂಗಡಿಗೆ ಹೋದರು. ಡ್ರೈವರ್ ಕಣ್ಣು ನೇರವಾಗಿ ಹೋಗಿದ್ದು ಅಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಯಂತ್ರದ ಮೇಲೆ.

"ಇದು ಭರ್ಜರಿಯಾಗಿದೆ!"

"ಅಣ್ಣ, ನೀನು ಬಸ್ ತಗೊಳ್ಳೋಕೆ ಬಂದಿಲ್ಲ," ಅಂದಳು ತಂಗಿ. "ದೊಡ್ಡದು ತಗೊಂಡರೆ ಗ್ಯಾಸ್ ದಂಡ, ಸದ್ದು ಜಾಸ್ತಿ, ಹೊರಗೆ ತಳ್ಳೋಕೆ ಅತ್ತಿಗೆ ಕೈಲಿ ಆಗಲ್ಲ. ಕರೆಂಟ್ ಹೋದಾಗ ನಿಮಗೆ ಏನೇನು ಬೇಕೇ ಬೇಕು, ಹೇಳಿ."

ಕಾವುಪೆಟ್ಟಿಗೆ ಬೇಕು, ಹೊಸ ಮರಿಗಳಿಗೆ ಬೆಚ್ಚಗಿಡೋ ಬಲ್ಬು ಬೇಕು, ಫ್ರಿಜ್ಜು, ಎರಡು ದೀಪ, ಒಂದು ಫ್ಯಾನು. ಡ್ರೈವರ್ ಮೆಲ್ಲಗೆ, "ಗೀಸರ್?" ಅಂದ.

"ಅದು ಒಂದೇ ಉಳಿದದ್ದನ್ನೆಲ್ಲ ನುಂಗುತ್ತೆ. ಆವತ್ತು ತಣ್ಣೀರಲ್ಲಿ ಸ್ನಾನ ಮಾಡು," ಅಂದರು ಅತ್ತೆ.

ನಾದಿನಿ ಎಲ್ಲದರ ವ್ಯಾಟ್ ಕೂಡಿಸಿದಳು. "ಇಷ್ಟೇ ಸಾಲದು. ಫ್ರಿಜ್ ಶುರುವಾಗೋ ಕ್ಷಣಕ್ಕೆ ಹೆಚ್ಚು ಎಳೆಯುತ್ತೆ. ನಿಂತ ಗಾಡಿ ತಳ್ಳೋಕೆ ಮೊದಲು ಜಾಸ್ತಿ ಬಲ ಬೇಕಲ್ಲ, ಹಾಗೆ. ಅದನ್ನೂ ಸೇರಿಸಿ, ಮೇಲೆ ಸ್ವಲ್ಪ ಬಿಟ್ಟು ತಗೋಬೇಕು." ಆಮೇಲೆ ಅಂಗಡಿಯವನ ಕಡೆ ತಿರುಗಿದಳು. "ದಪ್ಪಕ್ಷರದಲ್ಲಿ ಬರೆದಿರೋದು ಆ ಒಂದು ಕ್ಷಣದ ಶಕ್ತಿ ಅಲ್ವಾ? ಸತತವಾಗಿ ಓಡೋವಾಗ ಎಷ್ಟು ಕೊಡುತ್ತೆ? ಅದೂ ಗ್ಯಾಸ್ ಹಾಕಿದಾಗ?"

ಅಂಗಡಿಯವನು ನಕ್ಕ. "ಸರಿಯಾಗೇ ಕೇಳಿದಿರಿ. ಗ್ಯಾಸಿನಲ್ಲಿ ಪೆಟ್ರೋಲ್‌ಗಿಂತ ಸ್ವಲ್ಪ ಕಮ್ಮಿ ಬರುತ್ತೆ. ಇಲ್ಲಿ ಒಳಗೆ ಸಣ್ಣಕ್ಷರದಲ್ಲಿದೆ ನೋಡಿ." ಅವನೇ ಹೊಂದುವಂಥದ್ದನ್ನು ಎಳೆದು ತಂದ. ಇನ್ವರ್ಟರ್ ಜಾತಿಯದು, ವೋಲ್ಟೇಜ್ ಏರಿಳಿತ ಇಲ್ಲದ್ದು, ಕಾವುಪೆಟ್ಟಿಗೆಯ ಸೂಕ್ಷ್ಮ ಯಂತ್ರಕ್ಕೆ ಸರಿ. ವಿಷದ ಹೊಗೆ ಹೆಚ್ಚಾದರೆ ತಾನೇ ಆರಿಹೋಗುವ ವ್ಯವಸ್ಥೆಯೂ ಅದರಲ್ಲಿತ್ತು. ಕೋಳಿಯಕ್ಕ ಅಂಗಡಿ ಮುಂದಿನ ಬಯಲಲ್ಲಿ ತಾನೇ ಶುರುಮಾಡಿ ನೋಡಿದಳು. ಚಕ್ರದ ಮೇಲೆ ತಳ್ಳಿ ನೋಡಿದಳು. ಪಕ್ಕದಲ್ಲಿ ನಿಂತು ಮಾತಾಡಿದರೆ ಮಾತು ಕೇಳಿಸುವಷ್ಟೇ ಸದ್ದು.

"ಅಡುಗೆಮನೆ ಸಿಲಿಂಡರ್ ಇದಕ್ಕೆ ಹಾಕಬಹುದಾ?" ಅಂದ ಡ್ರೈವರ್.

"ಬೇಡ ಸಾರ್. ಈ ಯಂತ್ರಕ್ಕೆ ಹೇಳಿದ ಗ್ಯಾಸು, ಅದಕ್ಕೆ ಹೇಳಿದ ರೆಗ್ಯುಲೇಟರ್, ಅದೇ ಪೈಪು," ಅಂದ ಅಂಗಡಿಯವನು.

ಮನೆಗೆ ತಂದ ದಿನ ಅತ್ತೆ ದೂರದಲ್ಲೇ ನಿಂತಿದ್ದರು. ನಾದಿನಿ ಸಿಲಿಂಡರನ್ನು ಬಯಲಲ್ಲಿ ನೆಟ್ಟಗೆ ನಿಲ್ಲಿಸಿ, ಪೈಪ್ ಜೋಡಿಸಿ, ಸೋಪಿನ ನೊರೆ ಹಚ್ಚಿದಳು.

"ಬಾಮ್ಮ, ಮೊಟ್ಟೆ ನೋಡೋ ಕಣ್ಣಲ್ಲಿ ಇದನ್ನೂ ನೋಡು. ಗುಳ್ಳೆ ಎದ್ದರೆ ಗ್ಯಾಸ್ ಸೋರ್ತಿದೆ ಅಂತ."

ಅತ್ತೆ ಬಗ್ಗಿ ನೋಡಿದರು. ಒಂದು ಕಡೆ ಸಣ್ಣಗೆ ಗುಳ್ಳೆ ಏಳುತ್ತಿತ್ತು. "ಅಯ್ಯೋ, ಇಲ್ಲಿದೆ ಕಣೇ!" ನಾದಿನಿ ಗ್ಯಾಸ್ ಮುಚ್ಚಿ, ಬಿಚ್ಚಿ, ಸರಿಯಾಗಿ ಕೂರಿಸಿ ಬಿಗಿ ಮಾಡಿ ಮತ್ತೆ ನೊರೆ ಹಚ್ಚಿದಳು. ಅತ್ತೆ ಈ ಸಲ ಕೂತೇ ನೋಡಿದರು. ಗುಳ್ಳೆ ಇಲ್ಲ. "ಹಿಂಗೆ ಕಣ್ಣಿಗೆ ಕಾಣೋದಾದ್ರೆ ನಂಗೇನು ಭಯ?" ಅಂದರು. ಆವತ್ತಿಂದ ನೊರೆ ಹಚ್ಚೋ ಕೆಲಸ ಬೇರೆ ಯಾರಿಗೂ ಬಿಟ್ಟಿಲ್ಲ.

ಡ್ರೈವರ್ ಜನರೇಟರ್ ವೈರನ್ನು ಗೋಡೆಯ ಪ್ಲಗ್ಗಿಗೇ ಚುಚ್ಚಲು ಹೊರಟಾಗ ನಾದಿನಿ ಕೈ ಹಿಡಿದಳು. "ಅಣ್ಣ! ಹಾಗೆ ಮಾಡಿದರೆ ಕರೆಂಟ್ ತಿರುಗಿ ಕಂಬಕ್ಕೆ ಹೋಗುತ್ತೆ. ಕಂಬದ ಮೇಲೆ ಲೈನ್ ಸರಿ ಮಾಡ್ತಿರೋ ಮನುಷ್ಯ ಶಾಕ್ ಹೊಡೆದು ಕೆಳಗೆ ಬೀಳ್ತಾನೆ." ದಪ್ಪನೆಯ ಎಕ್ಸ್‌ಟೆನ್ಷನ್ ವೈರಿನಿಂದ ಬೇಕಾದ ಸಾಮಾನಿಗೆ ನೇರವಾಗಿ ಕೊಟ್ಟರು. ಇಡೀ ಮನೆಗೆ ಬೇಕೆಂದರೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿ, ಕಂಬದ ಲೈನು ಬೇರೆ ಜನರೇಟರ್ ಬೇರೆ ಮಾಡೋ ಚೇಂಜ್‌ಓವರ್ ಸ್ವಿಚ್ ಹಾಕಿಸಬೇಕು ಅಂತ ನಾದಿನಿ ಹೇಳಿಟ್ಟಳು.

ಗಾಳಿಗಾಲ ಬಂತು. ಮರಿ ಚಿಪ್ಪು ಒಡೆಯುವ ಹೊತ್ತಿಗೇ ಸರಿಯಾಗಿ ಕರೆಂಟ್ ಹೋಯಿತು. ಅತ್ತೆ ನೊರೆ ಬಟ್ಟಲು ಹಿಡಿದು ಹೊರಟರು. ಸೊಸೆ ಯಂತ್ರವನ್ನು ಬಯಲಲ್ಲಿ ಹಾಕಿಸಿದ್ದ ಸೂರಿನಡಿಗೆ ತಳ್ಳಿದಳು. ಶುರುಮಾಡಿದಳು. ಕಾವುಪೆಟ್ಟಿಗೆಯ ಕೆಂಪು ದೀಪ ಹತ್ತಿತು. ಗೋಡೆಯ ಅಲಾರಂ ತೆಪ್ಪಗೆ ಕೂತಿತ್ತು. ಸಿಲಿಂಡರ್ ಖಾಲಿಯಾದಾಗ ಇಂಜಿನ್ ಆರಿಸಿ, ತಣಿಯಲು ಬಿಟ್ಟು, ತುಂಬಿದ್ದನ್ನು ಜೋಡಿಸಿ, ಮತ್ತೆ ನೊರೆ ಹಚ್ಚಿ ನೋಡಿದರು. ಅವಸರ ಪಡಲಿಲ್ಲ. ಅಷ್ಟು ಹೊತ್ತಿಗೆ ಕಾವು ಆರೋದಿಲ್ಲ.

ಮರುದಿನ ಬೆಳಿಗ್ಗೆ ನಾನು ಹೋದಾಗ ಕರೆಂಟ್ ಇನ್ನೂ ಬಂದಿರಲಿಲ್ಲ. ಮುಂದಿನ ಕೋಣೆ ತುಂಬ ಚಿಂವ್‌ಚಿಂವ್. ಅಂಗೈ ತುಂಬದಷ್ಟು ಪುಟ್ಟ ಮರಿಗಳು, ಒದ್ದೆ ಗರಿ ಆರಿಸಿಕೊಳ್ಳುತ್ತಾ ಒಂದರ ಮೇಲೊಂದು ಬೀಳುತ್ತಿದ್ದವು. ಕೋಳಿಯಕ್ಕ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಡ್ರೈವರ್ ತಣ್ಣೀರು ಸ್ನಾನ ಮಾಡಿ ನಡುಗುತ್ತಿದ್ದ. ಅತ್ತೆ ನನ್ನ ಕಂಡು, "ನೀನೂ ಒಂದು ಜನರೇಟರ್ ತಗೋ. ಆದರೆ ನನ್ನ ಕೇಳಿ ತಗೋ," ಅಂದರು.

ನಾನು ತಗೊಂಡೆ. ನೀವೂ ತಗೊಳ್ಳೋರಿದ್ದರೆ ಕೇಳಿ. ಯಾವುದಕ್ಕೆ ಕರೆಂಟ್ ಬೇಕೇ ಬೇಕೋ ಅದರ ವ್ಯಾಟ್ ಮೊದಲು ಕೂಡಿಸಿ, ಆಮೇಲೆ ಅಂಗಡಿಗೆ ಹೋಗಿ. ಗ್ಯಾಸಿನಲ್ಲಿ ಸತತವಾಗಿ ಎಷ್ಟು ಕೊಡುತ್ತೆ ಅಂತ ಬಾಯಿಬಿಟ್ಟು ಕೇಳಿ. ತುಂಬಿದ ಸಿಲಿಂಡರ್ ಒಂದು ಹೆಚ್ಚಿಗೆ ಇರಲಿ, ಅದೂ ಮನೆಯ ಹೊರಗೇ ಇರಲಿ. ತಿಂಗಳಿಗೊಮ್ಮೆ ಯಂತ್ರ ಓಡಿಸಿ ನೋಡಿ. ಅಲಾರಂ ಇಲ್ಲದೆ ಜನರೇಟರ್ ತರಬೇಡಿ. ಅದು ಓಡುವಾಗ ಮನೆಯಲ್ಲಿ ಯಾರಿಗಾದರೂ ತಲೆ ಸಿಡಿದರೆ ಕಾರಣ ಹುಡುಕುತ್ತಾ ಕೂರಬೇಡಿ. ಎಲ್ಲರನ್ನೂ ಹೊರಗೆ ಕರೆತನ್ನಿ, ಆಂಬ್ಯುಲೆನ್ಸ್‌ಗೆ ಫೋನ್ ಮಾಡಿ. ಇವತ್ತೇ ನಿಮ್ಮ ಹಿತ್ತಲಿಗೆ ಹೋಗಿ, ಕಿಟಕಿಯಿಂದ ಇಪ್ಪತ್ತು ಅಡಿ ಅಳೆದು, ಜಾಗ ಗುರುತು ಮಾಡಿ ಬನ್ನಿ. ಯಂತ್ರ ಆಮೇಲೆ ಬರಲಿ.