ಗೇಟಿನ ಹೊಸ ಪಟ್ಟಿ

ಮೂರೂವರೆಗೆ ಶಾಲೆ ಬಿಟ್ಟಿತು. ಹತ್ತೇ ನಿಮಿಷಕ್ಕೆ ವಾಚ್‌ಮನ್ ಫೋನು.

"ಮೇಡಂ, ನಿಮ್ಮ ಹೊಸ ಪಟ್ಟಿ ಕೈಕೊಟ್ಟಿದೆ. ಅಪ್ಪ ಬಂದ್ರೆ ಪಟ್ಟೀಲಿಲ್ಲ ಅಂತಿದೆ, ಅಜ್ಜ ಬಂದ್ರೂ ಇಲ್ಲ ಅಂತಿದೆ. ಜನ ನನ್ನ ಮೈಮೇಲೇ ಬೀಳ್ತಿದ್ದಾರೆ. ಮಕ್ಕಳೆಲ್ಲ ಒಳಗೆ ಅಳ್ತಿವೆ."

ಯಾವ ಮಗುವನ್ನು ಯಾರು ಕರೆದೊಯ್ಯಬಹುದು ಎಂಬ ಶಾಲೆಯ ಕಂಪ್ಯೂಟರಿನ ಹಳೆಯ ಎಕ್ಸ್‌ಎಂಎಲ್ ಕಡತವನ್ನು, ಬಂದವರ ಫೋನ್ ನಂಬರ್ ನೋಡಿ ಒಳಬಿಡುವ ಗೇಟಿನ ಹೊಸ ಯಂತ್ರಕ್ಕೆ ಹೊಂದಿಸಿದ್ದು ನಾನೇ. ಹಳೆಯದರಲ್ಲಿ ಮಗುವಿಗೊಂದೇ ಅಟ್ರಿಬ್ಯೂಟ್, ಹೆಸರಿಗೆ ಅಂಟಿಸಿದ ಚೀಟಿ ಅಂದುಕೊಳ್ಳಿ. ಅದರಲ್ಲೇ ಅಮ್ಮ, ಅಪ್ಪ, ಅಜ್ಜಿ ಎಲ್ಲರ ಫೋನ್ ನಂಬರನ್ನೂ ಅಲ್ಪವಿರಾಮ ಹಾಕಿ ತುರುಕಿದ್ದರು. ಅದನ್ನು ಬಿಡಿಸಿ ತಲಾ ಒಂದು ಸಾಲು ಮಾಡಬೇಕಿತ್ತು. ನನ್ನ ಕೋಡು ಮೊದಲ ನಂಬರು ಇಟ್ಟುಕೊಂಡು ಉಳಿದವನ್ನು ಎಸೆದಿತ್ತು. ಪರೀಕ್ಷೆ ಮಾಡಿರಲಿಲ್ಲವೇ? ಮಾಡಿದ್ದೆ, ನನ್ನ ಮಗಳ ದಾಖಲೆಯ ಮೇಲೆ. ಅದರಲ್ಲಿರುವುದು ನನ್ನ ನಂಬರೊಂದೇ. ಸರಿಯಾಗಿ ಬಂತು ಅಂತ ಬೆನ್ನು ತಟ್ಟಿಕೊಂಡು ಎದ್ದಿದ್ದೆ, ಬುದ್ಧಿಗೇಡಿ.

ಮಗಳೂ ಈಗ ಶಾಲೆಯ ಒಳಗೇ ಇದ್ದಾಳೆ. ಆಫೀಸಿನಿಂದ ಶಾಲೆಗೆ ಒಂದು ಗಂಟೆ ದಾರಿ, ಇದು ಸರಿಯಾಗದೆ ನಾನು ಹೊರಡುವಂತಿಲ್ಲ. ಕೂರಲೂ ಆಗದೆ ನಿಂತೇ ಟೈಪ್ ಮಾಡಿದೆ. ಅಲ್ಪವಿರಾಮ ಸಿಕ್ಕಲ್ಲಿ ಕತ್ತರಿಸು, ಅಕ್ಕಪಕ್ಕದ ಖಾಲಿ ಜಾಗ ಕಿತ್ತುಹಾಕು, ಪ್ರತಿ ತುಂಡಿಗೂ ಒಂದು ಸಾಲು ಬರೆ. ಅವಸರದಲ್ಲಿ ಎರಡು ಸಲ ತಪ್ಪಿತು. ಫೋನು ಬಡಿದುಕೊಳ್ಳುತ್ತಲೇ ಇತ್ತು. ನಾಲ್ಕೂಕಾಲಿಗೆ ಪಟ್ಟಿ ಕಳಿಸಿದೆ.

"ನಂಬರ್ ಬಂದ್ವು ಮೇಡಂ, ಎಲ್ಲ ಬಂದ್ವು!" ಅಂದ ವಾಚ್‌ಮನ್.

ಗೇಟು ಖಾಲಿಯಾಗುವವರೆಗೂ ಕಾದು ಚೀಲ ಹೆಗಲಿಗೇರಿಸುವಷ್ಟರಲ್ಲಿ ಮತ್ತೆ ಅವನೇ.

"ನಿಮ್ಮ ಮಗಳೊಬ್ಳೇ ಉಳಿದಿರೋದು. ಅಜ್ಜಿ ಅಂತೆ, ಆಗ್ಲಿಂದ ಹೊರಗೆ ನಿಂತಿದ್ದಾರೆ. ಅವರ ನಂಬರ್ ಇನ್ನೂ ಬಂದಿಲ್ಲ. ಕೋಡಲ್ಲಿ ಮತ್ತೇನೋ ತಪ್ಪಿದೆ ನೋಡಿ."

ಕೋಡಿನಲ್ಲಿ ತಪ್ಪಿರಲಿಲ್ಲ. ಗಂಡನಿಂದ ಬೇರೆಯಾದ ವಾರ ಶಾಲೆಗೆ ಹೋಗಿ, ಅವನ ನಂಬರಿನ ಜೊತೆ ಅತ್ತೆಯದನ್ನೂ ತೆಗೆಸಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅತ್ತೆ ನನಗೆ ಒಂದು ಮಾತು ಅಂದವರಲ್ಲ.

"ಫೋನ್ ಅವರಿಗೆ ಕೊಡಿ."

"ಗಾಬರಿಯಾಗ್ಬೇಡ ಕಣಮ್ಮಾ," ಅತ್ತೆಯ ದನಿ. "ಗೇಟಲ್ಲಿ ಗಲಾಟೆ ಅಂತ ಪಕ್ಕದ ಮನೆಯವರು ಹೇಳಿದ್ರು. ಪಟ್ಟೀಲಿ ನಾನಿಲ್ಲ ಅಂತ ಗೊತ್ತು. ಮಗು ಹೆದರ್ಕೋಬಾರದು ಅಂತ ನೀನು ಬರೋ ತನಕ ಕಂಬಿಯಾಚೆಯಿಂದ್ಲೇ ಮಾತಾಡಿಸ್ತಿದ್ದೆ."

ಚೀಲ ಕೆಳಗಿಟ್ಟು ಪಟ್ಟಿಯಲ್ಲಿ ಮಗಳ ದಾಖಲೆ ತೆರೆದೆ.

"ನಿಮ್ಮ ನಂಬರ್ ಹೇಳಿ ಅತ್ತೆ," ಅಂದೆ. "ನನ್ನ ಫೋನಲ್ಲೂ ಅಳಿಸಿಬಿಟ್ಟಿದ್ದೆ."