ಸ್ನೇಹಲತಾ ಟೀಚರ ಆತುರದ ಕೈ

ಕುಷಾಯಿಗೂಡ ಬಡಾವಣೆಯ ಒಂದು ಶಾಲೆಯ ಒಂದನೇ ತರಗತಿಯಲ್ಲಿ ಯಾರಿಗೂ ಏನನ್ನೂ ಕೇಳುವ ಪ್ರಸಂಗವೇ ಬರುತ್ತಿರಲಿಲ್ಲ. ಪೆನ್ಸಿಲ್ ಮುರಿಯುವ ಮೊದಲೇ ಸ್ನೇಹಲತಾ ಟೀಚರ ಕೈಯಲ್ಲಿ ಇನ್ನೊಂದು ಸಿದ್ಧ. ಕಲಬುರಗಿ ಕಡೆಯ ತುಂಬಿದ ಮನೆಯಲ್ಲಿ ಬೆಳೆದವಳು. ಉಣ್ಣುವವರ ತಟ್ಟೆಯಲ್ಲಿ ರೊಟ್ಟಿ ಮುಗಿಯುವತನಕ ಇನ್ನೊಂದು ಬಡಿಸದೆ ಸುಮ್ಮನಿರುವುದು ಅವಳ ಮನೆತನಕ್ಕೇ ಗೊತ್ತಿಲ್ಲ.

ಆ ಕೈಯೇ ಈಗ ಅಡ್ಡಬಂದಿತ್ತು. ತರಗತಿಯಲ್ಲಿ ನಿರೀಕ್ಷಾ ಎಂಬ ಬೀದರ ಕಡೆಯವರ ಹುಡುಗಿ ಇದ್ದಳು. ಆರು ವರ್ಷ, ಆಟಿಸಂ, ಇನ್ನೂ ಮಾತು ಬಂದಿರಲಿಲ್ಲ. ಊಟದ ಡಬ್ಬಿಯ ಸ್ಟೀಲ್ ಮುಚ್ಚಳ ನೆಲದ ಮೇಲೆ ನಿಂತು ತಿರುಗುವುದನ್ನು ನೋಡುವುದೆಂದರೆ ಅವಳಿಗೆ ಪ್ರಾಣ. ಅವಳ ಬೆರಳಿಗೆ ಮಾತ್ರ ಅದು ತಿರುಗದು. ಬಿದ್ದೊಡನೆ ಟೀಚರೇ ಮತ್ತೆ ತಿರುಗಿಸಿಕೊಡುವಳು. ತನಗೇನಾದರೂ ಬೇಕೆಂದು ಆಕೆ ಹೇಗಾದರೂ ತಿಳಿಸುವುದನ್ನು ಶುಕ್ರವಾರ ತಾವು ಕಣ್ಣಾರೆ ಕಾಣದಿದ್ದರೆ ಬೇರೆ ಶಾಲೆಗೆ ಕಳಿಸುವುದೇ ಸರಿ ಎಂದು ಹೆಡ್ ಮಾಸ್ತರರು ಹೇಳಿಬಿಟ್ಟಿದ್ದರು.

ಟೀಚರುಗಳಿಗೆ ತರಬೇತಿ ಕೊಡಲು ಬರುತ್ತಿದ್ದ ಮಂಗಳೂರಿನ ವಾಸಂತಿ ಹಿಂದಿನ ಬೆಂಚಿನಲ್ಲಿ ಕೂತು ಇಡೀ ದಿನ ನೋಡಿದಳು. ಬೇರೆ ಕೋಣೆ, ಬೇರೆ ಪಾಠ ಬೇಡ. ಆಟದಲ್ಲಿ, ಊಟದಲ್ಲಿ, ಮಗುವಿಗೆ ಇಷ್ಟವಾದದ್ದರಲ್ಲೇ ಕಲಿಸಿ ಎಂದಳು. ಮುಚ್ಚಳ ಬಿದ್ದೊಡನೆ ಮತ್ತೆ ತಿರುಗಿಸದೆ ಐದು ಎಣಿಸಿ ಕಾಯಬೇಕಂತೆ.

"ನೀವು ಭಾರೀ ಒಳ್ಳೆಯವರು ಮಾರಾಯ್ರೆ. ತೊಂದರೆ ಇರುವುದೇ ಅಲ್ಲಿ. ಅವಳಿಗೆ ಕೇಳ್ಲಿಕ್ಕೆ ನೀವು ಏನೂ ಉಳಿಸುವುದಿಲ್ಲ."

ಐದು ಎಣಿಸುವುದು ಏನು ಮಹಾ ಎಂದುಕೊಂಡಳು ಸ್ನೇಹಲತಾ. ಎರಡಕ್ಕೇ ಕೈ ಓಡುತ್ತಿತ್ತು. ಸರಿ, ಮನೆಯಲ್ಲಿ ಅಭ್ಯಾಸ ಮಾಡೋಣವೆಂದು ಅಂದು ಸಂಜೆ ಬದನೆಕಾಯಿ ಪಲ್ಯದ ಸೌಟು ಹಿಡಿದು ಅತ್ತೆಯ ಮುಂದೆ ನಿಂತಳು, ಮನಸ್ಸಿನಲ್ಲೇ ಎಣಿಸುತ್ತ. ಅತ್ತೆ ಶಿವದೇವಿ ಬರಿದಾದ ತಟ್ಟೆ ನೋಡಿದಳು, ಸೌಟು ನೋಡಿದಳು, ಸೊಸೆಯ ಮುಖ ನೋಡಿದಳು.

"ಉಣ್ಣಾಕ ಕುಂತವ್ರು ಬಾಯಿಬಿಟ್ಟು ಬೇಡಬೇಕೇನವ್ವಾ? ಸಿಟ್ಟಿದ್ರ ಹೇಳಿಬಿಡು."

ಸ್ನೇಹಲತಾ ನಗುತ್ತ ಎಲ್ಲ ಬಿಡಿಸಿ ಹೇಳಿದಳು. ಮರುದಿನದಿಂದ ಶಿವದೇವಿಯೇ ಪರೀಕ್ಷಕಿ. ಉಣ್ಣುವುದು ಬಿಟ್ಟು ಸೌಟನ್ನೇ ಕಾಯುವಳು. ಮೂರಕ್ಕೆ ಅಲುಗಿತು, ನಾಲ್ಕಕ್ಕೆ ಅಲುಗಿತು ಎಂದು ತಪ್ಪು ಹಿಡಿಯುವಳು. ಗುರುವಾರ ಅವಳಿಗೂ ಸಾಕಾಯಿತು.

"ನಿನ್ನ ಕೈ ನಿನ್ನ ಮಾತು ಕೇಳೂದಿಲ್ಲ. ಅದರ ಮ್ಯಾಲ ಕುಂತುಬಿಡು."

ಶುಕ್ರವಾರ ಬಾಗಿಲಲ್ಲಿ ಹೆಡ್ ಮಾಸ್ತರರು, ವಾಸಂತಿ. ಸ್ನೇಹಲತಾ ನಿರೀಕ್ಷಾಳ ಎದುರು ನೆಲಕ್ಕೆ ಕೂತು ಮುಚ್ಚಳ ತಿರುಗಿಸಿದಳು. ಅದು ಗುಂಯ್ ಎಂದು ಸುತ್ತಿ ಬಿತ್ತು. ಇನ್ನೊಮ್ಮೆ ತಿರುಗಿಸಿದಳು. ಅದು ಬಿದ್ದ ಮೇಲೆ ಎರಡೂ ಅಂಗೈ ತೊಡೆಯಡಿ ಸೇರಿಸಿ ಕೂತುಬಿಟ್ಟಳು. ಐದು ಆಯಿತು. ಎಂಟು ಆಯಿತು. ಹೆಡ್ ಮಾಸ್ತರರು ಕೆಮ್ಮಿದರು. ಸೀರೆಯಡಿ ಬೆರಳುಗಳು ಮಿಸುಕಾಡಿದವು.

ನಿರೀಕ್ಷಾ ಮುಚ್ಚಳ ನೋಡಿದಳು. ಮೆಲ್ಲಗೆ ಸರಿದು ಬಂದು, ಟೀಚರ ಮಣಿಕಟ್ಟು ಹಿಡಿದು, ಕೈಯನ್ನು ತೊಡೆಯಡಿಯಿಂದ ಎಳೆದೆಳೆದು ತೆಗೆದು, ಮುಚ್ಚಳದ ಮೇಲಿಟ್ಟಳು. ಒಂದು ಗಳಿಗೆ ಮುಖವನ್ನೂ ನೋಡಿದಳು.

"ಮತ್ತ," ಎಂದು ಅವಳ ಪರವಾಗಿ ಹೇಳಿ ಸ್ನೇಹಲತಾ ತಿರುಗಿಸಿದಳು. ನಿರೀಕ್ಷಾ ಕುಣಿದಳು.

ಇದೇ ಕೇಳುವುದು, ಮಾತು ಆಮೇಲೆ ಬಂದರೂ ಆದೀತು ಎಂದಳು ವಾಸಂತಿ. ಹಾಗಾದರೆ ಹುಡುಗಿ ಇಲ್ಲೇ ಇರಲಿ ಎಂದು ಹೆಡ್ ಮಾಸ್ತರರು ತಾವೂ ಒಂದು ಮುಚ್ಚಳ ತಿರುಗಿಸಲು ಹೋಗಿ ಬೀಳಿಸಿದರು.

ಆ ಸಂಜೆ ಶಿವದೇವಿ ಸೊಸೆಯನ್ನು ಕೂರಿಸಿ ತಾನೇ ಬಡಿಸಿದಳು. ಎರಡನೆಯ ರೊಟ್ಟಿಯನ್ನು ಮಾತ್ರ ತಟ್ಟೆಯ ಮೇಲೆ ಹಿಡಿದು ಸುಮ್ಮನೆ ನಿಂತಳು. ಸ್ನೇಹಲತಾ ಅತ್ತೆಯ ಮಣಿಕಟ್ಟು ಹಿಡಿದು ತಟ್ಟೆಗೆ ಎಳೆದುಕೊಂಡಳು.